ಆಕ್ಸಲ್ ಬ್ರೀದರ್: ಹಳ್ಳ ದಾಟುವಾಗ ಹೌಸಿಂಗಿಗೆ ನೀರು ನುಗ್ಗುವುದು ಏಕೆ, ತಡೆಯುವುದು ಹೇಗೆ

ಮಳೆಗಾಲದಲ್ಲಿ ಹಳ್ಳ ದಾಟಿ ಓಡಾಡುವ ಜೀಪಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಪು) ಆಯಿಲ್ ಇಳಿಸಿದಾಗ ಹಾಲು ಸುರಿದ ಕಾಫಿಯ ಬಣ್ಣ ಬಂದರೆ, ‘ನೀರು ಜಾಸ್ತಿ ಆಳ ಇತ್ತು’ ಎಂದು ಹೇಳಿ ಮುಗಿಸುವುದು ರೂಢಿ. ಲೆಕ್ಕ ಹಾಕಿ ನೋಡಿದರೆ ಆಳದ ಪಾಲು ಚಿಕ್ಕದು. ಬಿಸಿಯಾಗಿದ್ದ ಹೌಸಿಂಗ್, ಅಂದರೆ ಆ ಗೇರುಗಳನ್ನು ಮುಚ್ಚಿದ ಕವಚ, ತಣ್ಣೀರಿಗೆ ಇಳಿದು ತಟ್ಟನೆ ತಣಿಯುತ್ತದಲ್ಲ, ನೀರನ್ನು ಒಳಗೆಳೆಯುವುದು ಮುಖ್ಯವಾಗಿ ಅದೇ. ಇದು ಮನಸ್ಸಿಗೆ ಹತ್ತಿದರೆ ಬ್ರೀದರಿನ (ಹೌಸಿಂಗಿನ ಗಾಳಿ ಆಡುವ ಪುಟ್ಟ ಕಿಂಡಿಯ) ಪೈಪನ್ನು ಎಲ್ಲಿಗೆ ಒಯ್ಯಬೇಕು, ಏಕೆ ಒಯ್ಯಬೇಕು ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಹೌಸಿಂಗ್ ಉಸಿರಾಡಲೇಬೇಕು

ಆಕ್ಸಲ್ ಹೌಸಿಂಗ್ ಮುಚ್ಚಿದ ಡಬ್ಬಿ ಇದ್ದ ಹಾಗೆ. ಒಳಗೆ ಕ್ರೌನ್, ಪಿನಿಯನ್ ಎಂಬ ಹಲ್ಲುಚಕ್ರಗಳು, ಬೇರಿಂಗುಗಳು, ತಳದಲ್ಲಿ ಸಣ್ಣ ಜೀಪುಗಳಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಲೀಟರ್ ಗೇರ್ ಆಯಿಲ್, ಉಳಿದದ್ದೆಲ್ಲ ಗಾಳಿ. ಹಲ್ಲುಗಳ ಉಜ್ಜಾಟಕ್ಕೆ ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೊಡ್ಡ ಮಾತಲ್ಲ. 25 ಡಿಗ್ರಿಯಿಂದ 80ಕ್ಕೆ ಏರಿದಾಗ, ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಶೇ. 18ರಷ್ಟು, ಅಂದರೆ ಸುಮಾರು 18 ಕಿಲೋಪಾಸ್ಕಲ್ ಹೆಚ್ಚುತ್ತದೆ. ಆ ಒತ್ತಡ ಆಯಿಲ್ ಸೀಲುಗಳ, ಅಂದರೆ ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಗಳ ಮೇಲೆ ಬೀಳುತ್ತದೆ: ಪಿನಿಯನ್ ಸೀಲ್ ಒಂದು, ಚಕ್ರದ ಕಡೆಯವು ಎರಡು. ಹಿಂದಿನ ಚಕ್ರದ ಸೀಲ್ ಬಿಟ್ಟುಕೊಟ್ಟರೆ ಆಯಿಲ್ ನೇರವಾಗಿ ಬ್ರೇಕ್ ಡ್ರಮ್ಮಿಗೆ ಇಳಿದು ಲೈನರ್ ನೆನೆಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ವರ್ಷಕ್ಕೆ ಎರಡು ಸಲ ಸೀಲ್ ಬದಲಿಸಿದರೂ ಸೋರಿಕೆ ನಿಲ್ಲದ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಕೆಸರು ಕಟ್ಟಿಕೊಂಡ ಬ್ರೀದರನ್ನು. ಸೀಲ್ ಬದಲಿಸುವವರು ಅದನ್ನು ಮುಟ್ಟಿಯೂ ನೋಡಿರುವುದಿಲ್ಲ.

ತಣಿಯುವಾಗ ಏನಾಗುತ್ತದೆ

2020ರಲ್ಲಿ ಬಂದ ಎರಡನೇ ತಲೆಮಾರಿನ ಥಾರ್ 650 ಮಿ.ಮೀ. ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಅದರ 255/65 ಆರ್18 ಟೈರಿನಲ್ಲಿ ಆಕ್ಸಲಿನ ನಡುಗೆರೆ ನೆಲದಿಂದ ಸುಮಾರು 380 ಮಿ.ಮೀ. ಎತ್ತರದಲ್ಲಿರುತ್ತದೆ. ಹಾಗಾದರೆ ಆಕ್ಸಲಿನ ಮೇಲೆ ನಿಲ್ಲುವ ನೀರು 270 ಮಿ.ಮೀ.; ಒತ್ತಡ 2.6 ಕಿಲೋಪಾಸ್ಕಲ್.

ಈಗ ಇನ್ನೊಂದು ಲೆಕ್ಕ. ಒಳಗಿನ ಗಾಳಿ ನೀರಿನಲ್ಲಿ ಪೂರ್ತಿ ತಣಿಯಬೇಕಾಗಿಲ್ಲ, 80ರಿಂದ 50 ಡಿಗ್ರಿಗೆ ಇಳಿಯಿತು ಎಂದಿಟ್ಟುಕೊಳ್ಳಿ. ಗ್ಯಾಸ್ ಲೆಕ್ಕಕ್ಕೆ ಕೆಲ್ವಿನ್ ಬೇಕು: 353ರಿಂದ 323. ಒತ್ತಡ ಶೇ. 8.5ರಷ್ಟು, ಅಂದರೆ 8.6 ಕಿಲೋಪಾಸ್ಕಲ್ ಕುಸಿಯುತ್ತದೆ. ಇದು 88 ಸೆಂ.ಮೀ. ನೀರಿನ ಭಾರಕ್ಕೆ ಸಮ. ಆಳದಿಂದ ಬಂದದ್ದರ ಮೂರು ಪಟ್ಟಿಗೂ ಮೇಲೆ! 25 ಡಿಗ್ರಿಯವರೆಗೆ ತಣಿದರೆ ಸುಮಾರು 16 ಕಿಲೋಪಾಸ್ಕಲ್. ಹೌಸಿಂಗಿನಲ್ಲಿ ಮೂರು ಲೀಟರ್ ಗಾಳಿ ಇದ್ದರೆ, ಆ ಕೊರತೆ ತುಂಬಲು ಒಳಗೆ ಬರಬೇಕಾದದ್ದು ಅರ್ಧ ಲೀಟರಿಗೆ ಹತ್ತಿರ. ಬ್ರೀದರ್ ನೀರಿನಡಿ ಇದ್ದರೆ ಬರುವುದು ಹಳ್ಳದ ನೀರೇ.

ಸೀಲ್ ಇಲ್ಲಿ ಕಾಪಾಡುವುದಿಲ್ಲವೇ? ಅದರ ತುಟಿ ಆಯಿಲ್ ಕಡೆಗೆ ಮುಖ ಮಾಡಿರುತ್ತದೆ. ಒಳಗಿನ ಒತ್ತಡ ಹೆಚ್ಚಿದರೆ ತುಟಿ ಶಾಫ್ಟಿಗೆ ಇನ್ನಷ್ಟು ಬಿಗಿಯಾಗಿ ಕೂತು ಬೇಗ ಸವೆಯುತ್ತದೆ. ಹೊರಗಿನ ಒತ್ತಡ ಹೆಚ್ಚಿದರೆ ತುಟಿ ಮೇಲೇಳುತ್ತದೆ. ಒಳಗಿನ ಆಯಿಲನ್ನು ತಡೆಯಲೆಂದು ಮಾಡಿದ ಸೀಲಿಗೆ ಹೊರಗಿನ ನೀರನ್ನು ತಡೆಯುವ ಬಲ ಕಡಿಮೆ.

ಮಲೆನಾಡಿನವರು ನೆನಪಿಡಬೇಕಾದ ಒಂದು ಸಂಗತಿ: 500 ಮೀಟರ್ ಘಾಟಿ ಇಳಿದರೆ ಹೊರಗಿನ ವಾಯುಒತ್ತಡವೇ ಸುಮಾರು 6 ಕಿಲೋಪಾಸ್ಕಲ್ ಹೆಚ್ಚುತ್ತದೆ. ಬ್ರೀದರ್ ಒಳಗೆ ಗಾಳಿ ಬಿಡದ ಜಾತಿಯದಾಗಿದ್ದರೆ, ಕೆಳಗಿನ ಹೊಳೆ ಮುಟ್ಟುವ ಮೊದಲೇ ಹೌಸಿಂಗ್ ಹೀರಲು ಸಿದ್ಧವಾಗಿರುತ್ತದೆ.

ಬ್ರೀದರಿನ ಬಗೆಗಳು

ಹೆಚ್ಚಿನ ಹಳೆಯ ಗಾಡಿಗಳಲ್ಲಿ ಇರುವುದು ಹೌಸಿಂಗಿನ ಕೊಳವೆಯ ಮೇಲೆ ಸಡಿಲವಾಗಿ ಕೂತ ಪುಟ್ಟ ತಗಡಿನ ಟೋಪಿ. ಒಳಗಿನ ಒತ್ತಡಕ್ಕೆ ಟೋಪಿ ಎದ್ದು ಗಾಳಿ ಬಿಡುತ್ತದೆ, ಮತ್ತೆ ಕೂರುತ್ತದೆ. ಕೆಲವಕ್ಕೆ ಒಳಗೆ ಸ್ಪ್ರಿಂಗ್ ಇರುತ್ತದೆ. ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಆದ್ದರಿಂದ ತಣಿದಾಗ ಹೀರುವಿಕೆಯ ಪೂರ್ತಿ ಭಾರ ಸೀಲಿನ ಮೇಲೆ. ಟೋಪಿಯಡಿ ಮರಳಿನ ಕಣ ಸಿಕ್ಕಿಕೊಂಡು ಅದು ತೆರೆದೇ ಉಳಿದರಂತೂ ನೀರಿಗೆ ನೇರ ದಾರಿ. ಎರಡನೆಯದು ತೆರೆದ ನಿಪ್ಪಲ್ (ಪೈಪು ಸಿಕ್ಕಿಸುವ ಪುಟ್ಟ ಕೊಳವೆ), ಅದಕ್ಕೊಂದು ರಬ್ಬರ್ ಪೈಪು. ಹಳ್ಳ ದಾಟುವ ಗಾಡಿಗೆ ಇದೇ ಸರಿ: ಪೈಪಿನ ತುದಿ ನೀರಿನ ಮೇಲಿದ್ದರೆ ಹೌಸಿಂಗ್ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಸೀಲ್ ತಡೆಯಬೇಕಾದದ್ದು ಆಳದ ಆ 2.6 ಕಿಲೋಪಾಸ್ಕಲ್ ಮಾತ್ರ.

ಪೈಪು ಮೇಲಕ್ಕೊಯ್ಯುವ ಕೆಲಸ

ಬ್ರೀದರ್ ಸುತ್ತ ತಂತಿ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಆಮೇಲೆ ಬಿಚ್ಚಿ. ಇಲ್ಲವಾದರೆ ಆ ಕೆಸರು ಬೀಳುವುದು ಕ್ರೌನ್ ಮೇಲೆಯೇ. ಹಳೆಯ ಟೋಪಿಯ ಮೇಲೆಯೇ ಪೈಪು ಸಿಕ್ಕಿಸುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಒಳಗಿನ ಒಮ್ಮುಖ ವಾಲ್ವ್ ಹಾಗೇ ಉಳಿಯುವುದರಿಂದ ಪೈಪು ಎಷ್ಟು ಎತ್ತರ ಹೋದರೂ ಗಾಳಿ ಒಳಗೆ ಬರುವುದಿಲ್ಲ. ಟೋಪಿ ತೆಗೆದು ತೆರೆದ ನಿಪ್ಪಲ್ ಹಾಕಲೇಬೇಕು.

ನಿಪ್ಪಲಿನ ಮರೆ (ಥ್ರೆಡ್) ಹೊಂದಿಸುವಾಗ ಅವಸರ ಬೇಡ. 1/8 ಇಂಚಿನ ಅಮೆರಿಕನ್ ಪೈಪ್ ಮರೆ ಎನ್‌ಪಿಟಿಗೆ ಇಂಚಿಗೆ 27 ಮರೆ, ಬ್ರಿಟಿಷ್ ಪೈಪ್ ಮರೆ ಬಿಎಸ್‌ಪಿಗೆ 28. ಎರಡು ಸುತ್ತು ಒಂದರೊಳಗೊಂದು ಹೋಗುತ್ತವೆ, ಮೂರನೆಯದಕ್ಕೆ ಬಿಗಿಯಾಗುತ್ತವೆ. ಅಲ್ಲಿಂದ ಸ್ಪ್ಯಾನರ್ ತಿರುಗಿಸಿದರೆ ಹೌಸಿಂಗಿನ ಮರೆ ಹಾಳು. ಬಿಚ್ಚಿದ ಬ್ರೀದರನ್ನೇ ಅಂಗಡಿಗೆ ಒಯ್ದು ಜೋಡಿ ನೋಡಿ. ಟೆಫ್ಲಾನ್ ಟೇಪಿನ ಚೂರು ಆಯಿಲಿಗೆ ಬೀಳುತ್ತದೆ, ಅದರ ಬದಲು ದ್ರವರೂಪದ ಸೀಲೆಂಟ್ ಒಂದು ಹನಿ ಸಾಕು.

ಪೈಪು 6 ಅಥವಾ 8 ಮಿ.ಮೀ. ಒಳವ್ಯಾಸದ, ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನದು, ಅಂದರೆ ಪೆಟ್ರೋಲ್ ಲೈನಿಗೆ ಬಳಸುವಂಥದು. ಉದ್ದ ಅಳೆಯಲು ಚಾಸಿಸ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಚಕ್ರಗಳನ್ನು ಜೋತುಬಿಡಿ. ಆಕ್ಸಲ್ ಪೂರ್ತಿ ಇಳಿದಾಗಿನ ಅಳತೆಗೆ 100 ಮಿ.ಮೀ. ಸೇರಿಸಿ. ನೆಲದ ಮೇಲೆ ನಿಂತ ಗಾಡಿಯಲ್ಲಿ ಅಳೆದ ಪೈಪು ಮೊದಲ ದೊಡ್ಡ ಗುಂಡಿಗೇ ಕಿತ್ತುಬರುತ್ತದೆ, ಬಂದದ್ದು ಗೊತ್ತೂ ಆಗುವುದಿಲ್ಲ. ಬ್ರೇಕ್ ಹೋಸಿಗೆ ಕಟ್ಟಬೇಡಿ, ಉಜ್ಜಿ ಸವೆಯುತ್ತದೆ. ಸೈಲೆನ್ಸರ್ ಪೈಪಿನಿಂದ ಒಂದು ಗೇಣಾದರೂ ದೂರವಿರಲಿ.

ದಾರಿಯುದ್ದಕ್ಕೂ ಪೈಪು ಏರುತ್ತಲೇ ಹೋಗಬೇಕು. ನಡುವೆ ಜೋಲು ಬಿದ್ದರೆ ಅಲ್ಲಿ ಆಯಿಲ್ ಹನಿ, ತೇವ ಎಲ್ಲ ನಿಲ್ಲುತ್ತದೆ. ತಣಿದಾಗ ಮೊದಲು ಒಳಗೆ ಹೋಗುವುದು ಆ ಗುಟುಕೇ. ಹಿಂದಿನ ಆಕ್ಸಲಿನ ಪೈಪಿಗೆ ಟೈಲ್ ಲ್ಯಾಂಪಿನ ಹಿಂಬದಿಯ ಪೊಳ್ಳು ಒಳ್ಳೆಯ ಜಾಗ, ಮುಂದಿನದಕ್ಕೆ ಎಂಜಿನ್ ಗೂಡಿನ ಹಿಂಗೋಡೆಯ ಮೇಲ್ತುದಿ. ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಕೆಳಮುಖ ಮಾಡಿ, ನ್ಯೂಮ್ಯಾಟಿಕ್ (ಗಾಳಿಯೊತ್ತಡದ ಸಾಮಾನಿನ) ಅಂಗಡಿಯಲ್ಲಿ ಸಿಗುವ, ಗಾಳಿ ಸೋಸುವ ಪುಟ್ಟ ಕಂಚಿನ ಸೈಲೆನ್ಸರ್ ಸಿಕ್ಕಿಸಿದರೆ ಧೂಳು ಬರುವುದಿಲ್ಲ. ಕಾಗದದ ಪೆಟ್ರೋಲ್ ಫಿಲ್ಟರ್ ಆಯಿಲ್ ಆವಿಗೆ ನೆನೆದು ಕಟ್ಟಿಕೊಳ್ಳಬಹುದು. ಎರಡು ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲಿಗೆ ಬಲ ಹಂಚುವ ಪೆಟ್ಟಿಗೆ) ಎಲ್ಲವನ್ನೂ ಒಂದೇ ತುದಿಗೆ ಸೇರಿಸುವ ಕಿಟ್‌ಗಳಿವೆ. ಬೇರೆ ಬೇರೆ ಇಡುವುದೇ ಮೇಲು: ಆ ಒಂದು ತುದಿ ಕಟ್ಟಿದರೆ ನಾಲ್ಕೂ ಉಸಿರುಗಟ್ಟುತ್ತವೆ.

ಪರೀಕ್ಷೆ

ಕಂಪ್ರೆಸರ್ ಗಾಳಿ ಹೊಡೆಯಲೇಬೇಡಿ, ಸೀಲ್ ಎದ್ದು ಬರುತ್ತದೆ. ಇಪ್ಪತ್ತು ಕಿ.ಮೀ. ಓಡಿಸಿ ಬಂದು, ಪೈಪಿನ ತುದಿಯ ಕಂಚಿನ ಸೈಲೆನ್ಸರ್ ತೆಗೆದು ಒಂದು ಪಾರದರ್ಶಕ ಪೈಪಿನ ತುಂಡು ಜೋಡಿಸಿ, ಅದರ ತುದಿಯನ್ನು ಎರಡು ಚಮಚ ಹೊಸ ಗೇರ್ ಆಯಿಲಿನಲ್ಲಿ ಅದ್ದಿಡಿ. ಹೌಸಿಂಗ್ ತಣಿಯುತ್ತಾ ಬಂದಂತೆ ಆಯಿಲ್ ಮೇಲಕ್ಕೇರಬೇಕು. ಏರದಿದ್ದರೆ ಪೈಪು ಕಟ್ಟಿದೆ, ಅಥವಾ ಯಾವುದೋ ಸೀಲ್ ಇಲ್ಲವೇ ಜೋಡಣೆ ಆಗಲೇ ಗಾಳಿ ಎಳೆಯುತ್ತಿದೆ. ನೀರಿನಲ್ಲಿ ಮಾತ್ರ ಅದ್ದಬೇಡಿ.

ಹಳ್ಳದ ದಡದಲ್ಲಿ ಹೌಸಿಂಗನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ 15–20 ನಿಮಿಷ ನಿಲ್ಲಿ. ಆಗ ತಣಿಯುವ ಒಂದಿಷ್ಟು ಭಾಗ ಗಾಳಿಯಲ್ಲೇ ಮುಗಿಯುತ್ತದೆ.

ನೀರು ಹೋಗಿಬಿಟ್ಟಿದ್ದರೆ

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಆಯಿಲ್ ಜೊತೆ ಕಲೆಯದ ನೀರು ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಗಾಡಿ ಅಲ್ಲಾಡಿಸುವ ಮೊದಲು ಡ್ರೈನ್ ಪ್ಲಗ್ಗನ್ನು ಒಂದಿಷ್ಟೇ ಸಡಿಲಿಸಿದರೆ ಮೊದಲು ಬರುವ ಹನಿಗಳೇ ಹೇಳುತ್ತವೆ. ಆದರೆ ಅದಕ್ಕೂ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ಉಳಿಯುತ್ತದೆ. ಬಣ್ಣ ಕೆಟ್ಟ ಆಯಿಲನ್ನು ‘ಮುಂದಿನ ಸರ್ವಿಸ್’ ತನಕ ಓಡಿಸಬೇಡಿ. ಬೇರಿಂಗ್ ಮೇಲೆ ತುಕ್ಕಿನ ಚುಕ್ಕೆ ಬಿದ್ದರೆ ಮತ್ತೆ ಹೋಗುವುದಿಲ್ಲ. ಇಳಿಸಿ, ಅದೇ ದರ್ಜೆಯ ಆಯಿಲ್ ತುಂಬಿ ಐದು ಕಿ.ಮೀ. ಓಡಿಸಿ, ಬಿಸಿಯಿರುವಾಗಲೇ ಮತ್ತೆ ಇಳಿಸಿ ಹೊಸದು ತುಂಬಿ. ಡೀಸೆಲ್ ಹಾಕಿ ಓಡಿಸುವುದು ಬೇಡ. ಕ್ರೌನ್-ಪಿನಿಯನ್ನಿನ ಹೈಪಾಯ್ಡ್ ಬಗೆಯ ಹಲ್ಲುಗಳು ಉರುಳುವುದರ ಜೊತೆಗೆ ಜಾರುತ್ತವೆ, ಡೀಸೆಲ್ ಪದರಕ್ಕೆ ಆ ಭಾರ ಹೊರುವ ಶಕ್ತಿ ಇಲ್ಲ.

ಜಿಪ್ಸಿ, ಜಿಮ್ನಿಯಂಥ ಗಾಡಿಗಳ ಮುಂದಿನ ಆಕ್ಸಲಿನಲ್ಲಿ ಮುಚ್ಚಿದ ನಕಲ್ (knuckle, ಚಕ್ರ ಎಡಬಲಕ್ಕೆ ಹೊರಳುವ ಕೀಲು) ಇರುತ್ತದೆ. ಅಲ್ಲಿಯ ಗ್ರೀಸ್ ಆಯಿಲ್ ಬೆರೆತು ತೆಳ್ಳಗಾಗಿದ್ದರೆ ಒಳಸೀಲ್ ಹೋಗಿದೆ ಎಂದರ್ಥ. ಸೀಲಿನ ಜೊತೆಗೆ ಬ್ರೀದರನ್ನೂ ನೋಡಿ. ಗ್ರೀಸ್ ಬೆಳ್ಳಗಾಗಿದ್ದರೆ ನೀರು ಬಂದದ್ದು ನಕಲಿನ ಹೊರಗಿನ ವೈಪರ್ ಸೀಲಿನಿಂದ. ಆ ದಾರಿಯನ್ನು ಬ್ರೀದರ್ ಪೈಪು ಮುಚ್ಚುವುದಿಲ್ಲ, ವೈಪರ್ ಸೀಲನ್ನೇ ಬದಲಿಸಬೇಕು.