ಪದ ಪರಿಚಯ: ಫ್ರೀಕ್ವೆನ್ಸಿ ಸ್ಕೇಲಿಂಗ್ (ಥ್ರಾಟ್ಲಿಂಗ್ ಅಲ್ಲ!)

ಮಂಗಳೂರಲ್ಲಿ ಸೆಕೆ ಶುರುವಾದರೆ ಈ ದೂರೂ ಶುರು: "ಲ್ಯಾಪ್‌ಟಾಪ್ ಥ್ರಾಟಲ್ ಆಗ್ತಿದೆ ಮಾರಾಯ್ರೆ, ಪ್ರೊಸೆಸರ್ ವೇಗ 800 ಮೆಗಾಹರ್ಟ್ಸ್‌ನಲ್ಲೇ ಕೂತಿದೆ." ಏನು ಕೆಲಸ ಕೊಟ್ಟಿದ್ದೀರಿ ಅಂತ ಕೇಳಿ. ಏನೂ ಇಲ್ಲ, ಟರ್ಮಿನಲ್ ತೆರೆದು ಅಂಕಿ ನೋಡ್ತಾ ಕೂತಿದ್ದಾರೆ ಅಷ್ಟೆ! ಇಷ್ಟಕ್ಕೇ ಹಂಪನಕಟ್ಟೆಗೆ ಹೋಗಿ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿ ಹೊರಹೋಗಲು ಹಚ್ಚುವ ಲೇಪ) ಬದಲಿಸಿಕೊಂಡು ಬಂದವರೂ ಇದ್ದಾರೆ.

ಕೆಲಸ ಇಲ್ಲದಾಗ ಪ್ರೊಸೆಸರ್ ಚಿಪ್‌ನ ವೇಗ ಇಳಿಯುವುದು, ಬಂದಾಗ ಏರುವುದು ಫ್ರೀಕ್ವೆನ್ಸಿ ಸ್ಕೇಲಿಂಗ್. ವೇಗ ಇಳಿದರೆ ವೋಲ್ಟೇಜನ್ನೂ ಇಳಿಸಬಹುದು, ಬ್ಯಾಟರಿ ಉಳಿಯುವುದು ಮುಖ್ಯವಾಗಿ ಅದರಿಂದ. ಕೆಲಸ ರಾಶಿ ಬಿದ್ದಿದ್ದರೂ ಬಿಸಿ ತಾಳದೆ ಚಿಪ್ ತಾನೇ ವೇಗ ಕಡಿಮೆ ಮಾಡಿದರೆ ಅದು ಥ್ರಾಟ್ಲಿಂಗ್.

ಲಿನಕ್ಸ್‌ನಲ್ಲಿ ಎಷ್ಟು ಏರಬೇಕು, ಯಾವಾಗ ಇಳಿಯಬೇಕು ಎಂಬ ನೀತಿಗೆ ಗವರ್ನರ್ ಅಂತ ಹೆಸರು. ಆನ್‌ಡಿಮಾಂಡ್, ಕನ್ಸರ್ವೇಟಿವ್ ಹಳೆಯವು. 2016ರಲ್ಲಿ ಕರ್ನೆಲ್ (ಲಿನಕ್ಸ್‌ನ ತಿರುಳು) 4.7ರ ಜೊತೆ ಬಂದ ಸ್ಕೆಡ್‌ಯುಟಿಲ್, ಕೆಲಸಗಳನ್ನು ಹಂಚುವ ಶೆಡ್ಯೂಲರ್‌ನ ಲೆಕ್ಕವನ್ನೇ ನೋಡಿ ತೀರ್ಮಾನಿಸುತ್ತದೆ.

ನಿಜವಾದ ತಲೆನೋವು ಪವರ್‌ಸೇವ್ ಎಂಬ ಗವರ್ನರ್. ಚಿಪ್‌ನ ವೇಗ ಬದಲಿಸುವ ತಂತ್ರಾಂಶಕ್ಕೆ ಡ್ರೈವರ್ ಅಂತಾರೆ. ಮಾಮೂಲಿ ಎಸಿಪಿಐ ಡ್ರೈವರ್ ಇದ್ದರೆ ಪವರ್‌ಸೇವ್ ಅಂದರೆ ಕನಿಷ್ಠ ವೇಗಕ್ಕೆ ಕಟ್ಟಿಹಾಕುವುದು. ಎಷ್ಟೇ ಕೆಲಸ ಕೊಟ್ಟರೂ ಅಲ್ಲಿಂದ ಅಲುಗಾಡುವುದಿಲ್ಲ. ಆದರೆ ಈಗಿನ ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಪಿ-ಸ್ಟೇಟ್ ಡ್ರೈವರ್. ಅದರ ಆ್ಯಕ್ಟಿವ್ ಮೋಡ್‌ನಲ್ಲಿ ಸಿಗುವುದು ಎರಡೇ ಗವರ್ನರ್, ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್. ಇಲ್ಲಿನ ಪವರ್‌ಸೇವ್ ಕೆಲಸ ಬಂದಾಗ ಟರ್ಬೋವರೆಗೂ (ಚಿಪ್‌ನ ಗರಿಷ್ಠ ವೇಗ) ಏರುತ್ತದೆ. ಹೆಸರು ಒಂದೇ, ನಡತೆ ಪೂರ್ತಿ ಬೇರೆ. ಇಟ್ಟವರಿಗೆ ಬೇರೆ ಹೆಸರು ಸಿಗಲಿಲ್ಲವೇ ಅಂತ ನನಗೂ ಅನ್ನಿಸಿದ್ದುಂಟು. ಹಾಗಾಗಿ "ಪವರ್‌ಸೇವ್ ಇದೆ, ಅದಕ್ಕೇ ನಿಧಾನ" ಅನ್ನುವ ಮೊದಲು ಯಾವ ಡ್ರೈವರ್ ಅಂತ ತಿಳಿಯಲು ಸ್ಕೇಲಿಂಗ್ ಡ್ರೈವರ್ (scaling_driver) ಎಂಬ ಫೈಲನ್ನು ಒಮ್ಮೆ ಓದಿ, ಗವರ್ನರ್ ಫೈಲಿನ (scaling_governor) ಪಕ್ಕದಲ್ಲೇ, /sys/devices/system/cpu/cpu0/cpufreq/ ಫೋಲ್ಡರಿನಲ್ಲಿ ಇದೆ. ಅದೇ ಫೋಲ್ಡರಿನ ಬೇರೆ ಫೈಲುಗಳಲ್ಲಿನ ವೇಗದ ಅಂಕಿಗಳು ಕಿಲೋಹರ್ಟ್ಸ್‌ನಲ್ಲಿ ಇರುತ್ತವೆ. 800000 ಅಂದರೆ 800 ಮೆಗಾಹರ್ಟ್ಸ್, ಸುಮ್ನೆ ಗಾಬರಿ ಬೇಡ.

ಥ್ರಾಟ್ಲಿಂಗ್ ಅಂತ ಅನುಮಾನ ಇದ್ದರೆ ದೊಡ್ಡ ವಿಡಿಯೊ ಒಂದನ್ನು ಕನ್ವರ್ಟ್ ಮಾಡಲು ಬಿಟ್ಟು ನೋಡಿ. ಮೊದಲು ಮೇಲೇರಿದ ವೇಗ, ತಾಪಮಾನ 100 ಡಿಗ್ರಿ ಸಮೀಪಿಸುತ್ತಿದ್ದಂತೆ ಕುಸಿದರೆ ಆಗ ಪೇಸ್ಟು, ಫ್ಯಾನಿನ ಧೂಳು ನೋಡಿಸಿ. ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಹಾಕಿದರೆ ಇದು ಸರಿಯಾಗುವುದಿಲ್ಲ.