ವೋಟರ್ ಕಾರ್ಡ್ ಇದೆ, ಲಿಸ್ಟಲ್ಲಿ ಹೆಸರಿಲ್ಲ, ವೋಟ್ ಹಾಕ್ಬಹುದಾ?

ಪ್ರತಿ ಎಲೆಕ್ಷನ್‌ಗೂ ಇದೇ ಪ್ರಶ್ನೆ, ನಾನೂ ಅದೇ ಉತ್ತರ ಬರ್ಕೊಂಡೇ ಬಂದಿದೀನಿ. ಆಗಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಶುರುವಾಗೋದೇ ಅಲ್ಲಿಂದ, ಮತದಾರರ ಪಟ್ಟೀಲಿ ಹೆಸರಿಲ್ಲದೋರಿಗೆ ವೋಟಿಲ್ಲ. ಕಾರ್ಡು ನೀವು ಯಾರು ಅಂತ ಹೇಳುತ್ತೆ ಅಷ್ಟೇ. ಅದಕ್ಕೇ ಲಿಸ್ಟಲ್ಲಿ ಹೆಸರಿದ್ದು ಕಾರ್ಡ್ ಮನೇಲಿ ಮರೆತು ಬಂದೋರು ಡ್ರೈವಿಂಗ್ ಲೈಸೆನ್ಸ್ ತೋರಿಸಿ ವೋಟ್ ಹಾಕಿ ಹೋಗ್ತಾರೆ, ಕಾರ್ಡ್ ಹಿಡ್ಕೊಂಡು ನಿಂತ ನೀವು ವಾಪಸ್ ಬರ್ತೀರ.

ಇಷ್ಟು ಹೇಳಿದ ತಕ್ಷಣ ಆ ವಾಟ್ಸಾಪ್ ಫಾರ್ವರ್ಡ್ ಬರುತ್ತೆ. "ಹೆಸರಿಲ್ಲದಿದ್ರೆ ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ, ಟೆಂಡರ್ ವೋಟ್ 14% ದಾಟಿದ್ರೆ ಆ ಬೂತಲ್ಲಿ ಮರುಮತದಾನ" ಅಂತ. ಅಯ್ಯೋ, 1961ರ ಚುನಾವಣಾ ನಿಯಮಗಳನ್ನ ಒಂದ್ಸಲ ತೆಗೆದು ನೋಡ್ರಪ್ಪ, 49ಎ ಇರೋದು ವೋಟಿಂಗ್ ಮಷೀನ್ ಹೇಗಿರಬೇಕು ಅನ್ನೋದಕ್ಕೆ! ಚಾಲೆಂಜ್ ಅನ್ನೋದು ನೀವು ಕೇಳೋದಲ್ಲ, ಪಾರ್ಟಿ ಏಜೆಂಟು ನಿಮ್ಮ ಮೇಲೆ ಮಾಡೋದು, "ಇವರು ಆ ವ್ಯಕ್ತಿ ಅಲ್ಲ" ಅಂತ ಎರಡು ರೂಪಾಯಿ ಡೆಪಾಸಿಟ್ ಇಟ್ಟು ತಕರಾರು ತೆಗೀತಾನೆ, ಬೂತಿನ ಉಸ್ತುವಾರಿ ನೋಡೋ ಪ್ರಿಸೈಡಿಂಗ್ ಆಫೀಸರ್ ಅಲ್ಲೇ ವಿಚಾರಿಸಿ ತೀರ್ಮಾನ ಹೇಳ್ತಾರೆ. ಟೆಂಡರ್ಡ್ ವೋಟ್ ಇರೋದು 49ಪಿ ನಿಯಮದಲ್ಲಿ, ಅದು ಲಿಸ್ಟಲ್ಲಿ ಹೆಸರಿದ್ದು ಬೇರೆ ಯಾರೋ ಮುಂಚೇನೇ ನಿಮ್ಮ ಹೆಸರಲ್ಲಿ ಒತ್ತಿ ಹೋಗಿದ್ರೆ ಮಾತ್ರ. ಆಗ ಮಷೀನ್ ಕೊಡಲ್ಲ, ಬ್ಯಾಲೆಟ್ ಪೇಪರ್ ಕೊಡ್ತಾರೆ, ಕವರಲ್ಲಿ ಬೇರೆ ಇಡ್ತಾರೆ, ಮಾಮೂಲಿ ಎಣಿಕೇಲಿ ಅದನ್ನ ಮುಟ್ಟೋದೂ ಇಲ್ಲ. ಈ 14% ಯಾವ ಕಾನೂನಲ್ಲೂ ಇಲ್ಲ.

ಹಾಗಾದ್ರೆ ಆ ಕವರ್ ಯಾಕೆ? ಕೋರ್ಟಿಗೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ ಒಂದೇ ವೋಟಲ್ಲಿ ಸೋತಾಗ ಟೆಂಡರ್ಡ್ ವೋಟಿನ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಒಂದು ವೋಟಿನ ಸೋಲು ನಮಗೂ ಹೊಸದಲ್ಲ ಬಿಡಿ, 2004ರ ವಿಧಾನಸಭೆ ಎಲೆಕ್ಷನ್‌ನ ಸಂತೇಮರಹಳ್ಳಿ ಕ್ಷೇತ್ರ ನೆನಪಿರಬೇಕಲ್ಲ, ಧ್ರುವನಾರಾಯಣ 40,752, ಕೃಷ್ಣಮೂರ್ತಿ 40,751.

ಹೆಸರು ಸೇರ್ಸೋಕೆ ಫಾರ್ಮ್ 6, ಮನೆ ಬದಲಾಗಿದ್ರೆ ಫಾರ್ಮ್ 8. ನಾಮಪತ್ರ ಸಲ್ಲಿಸೋ ಕೊನೇ ದಿನ ದಾಟಿದ್ರೆ ಆ ಎಲೆಕ್ಷನ್‌ಗೆ ಪಟ್ಟಿ ಬಾಗಿಲು ಹಾಕಿದ ಹಾಗೆ, ಆಮೇಲೆ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಮೇಲೆ ರೇಗಾಡಿ ಪ್ರಯೋಜನ ಇಲ್ಲ.

ಇನ್ನೊಂದು ವಿಷ್ಯ, ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಲಿಸ್ಟಲ್ಲಿ ಹೆಸರಿದ್ರೂ ಜೈಲಲ್ಲಿದ್ರೆ ವೋಟಿಲ್ಲ, ಶಿಕ್ಷೆ ಆಗಿರೋರಿಗೆ ಮಾತ್ರ ಅಲ್ಲ, ಇನ್ನೂ ಕೇಸ್ ನಡೀತಿರೋ ವಿಚಾರಣಾಧೀನ ಕೈದಿಗೂ ಇಲ್ಲ. ಆದ್ರೆ ಅದೇ ವಿಚಾರಣಾಧೀನ ಕೈದಿ ಎಲೆಕ್ಷನ್‌ಗೆ ನಿಲ್ಲಬಹುದು! ವೋಟ್ ಹಾಕೋ ಹಕ್ಕಿಲ್ಲದೋರಿಗೆ ನಿಲ್ಲೋ ಹಕ್ಕೂ ಇಲ್ಲ ಅಂತ 2013ರ ಜುಲೈಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಪಾರ್ಲಿಮೆಂಟು ಅದೇ ವರ್ಷ ಕಾಯ್ದೆ ತಿದ್ದಿ ನಿಲ್ಲೋ ಹಕ್ಕನ್ನ ಉಳಿಸಿಕೊಳ್ತು. ವೋಟ್ ಹಾಕೋ ಹಕ್ಕಿನ ತಂಟೆಗೆ ಹೋಗ್ಲಿಲ್ಲ. ಬೇಲ್ ಮೇಲೆ ಹೊರಗೆ ಬಂದಿದ್ರೆ ಹಾಕ್ಬಹುದು, ಅದೂ ಲಿಸ್ಟಲ್ಲಿ ಹೆಸರಿದ್ರೆ.