ತಂದೆ ತೀರಿಕೊಂಡಿದ್ದಾರೆ, ಅವರ ಹಳೆಯ ಐಟಿ ರಿಟರ್ನ್ ತೆಗೆಸುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ಮಂಡ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದರು. ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪರಿಹಾರದ ಕೇಸಿಗೆ ಅವರ ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಬೇಕು ಅಂತಿದ್ದಾರೆ ವಕೀಲರು. ಅಪ್ಪ ರಿಟರ್ನ್ ಹಾಕುತ್ತಿದ್ದದ್ದು ಗೊತ್ತು, ಆದರೆ ಮನೆಯಲ್ಲಿ ಒಂದು ಕಾಗದವೂ ಸಿಗುತ್ತಿಲ್ಲ. ಪಾಸ್‌ವರ್ಡ್ ಯಾರಿಗೂ ತಿಳಿಯದು. ಅವರ ಸಿಮ್ ಅಮ್ಮನ ಫೋನಿನಲ್ಲಿದೆ. ಒಟಿಪಿ ತರಿಸಿಕೊಂಡು ಲಾಗಿನ್ ಆಗಬಹುದೇ?

ಉತ್ತರ: ಒಟಿಪಿ ದಾರಿ ಬೇಡ. ತೀರಿಕೊಂಡವರ ಹೆಸರಲ್ಲಿ ಲಾಗಿನ್ ಆಗಿ ತೆಗೆದ ಕಾಗದವನ್ನು ಅಪಘಾತ ಪರಿಹಾರದ ಕೇಸು ಕೇಳುವ ಟ್ರಿಬ್ಯುನಲ್ ಮುಂದೆ ಇಟ್ಟರೆ, ಇದು ನಿಮ್ಮ ಕೈಗೆ ಹೇಗೆ ಬಂತು ಎಂದು ವಿಮಾ ಕಂಪನಿಯ ವಕೀಲರು ಕೇಳದೆ ಬಿಡುವುದಿಲ್ಲ. ನೇರ ದಾರಿ ಇದೆ, ಅದಕ್ಕೆ ಶುಲ್ಕವೂ ಇಲ್ಲ. ವಾರಸುದಾರರಾಗಿ ನಿಮ್ಮ ಹೆಸರನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ, ನಿಮ್ಮದೇ ಲಾಗಿನ್‌ನಿಂದ ತಂದೆಯವರ ಖಾತೆ ತೆರೆಯುತ್ತದೆ.

ಅದಕ್ಕೂ ಮೊದಲು ಒಂದು ಫೋನ್ ಮಾಡಿ. ಅಂಗಡಿ ಲೆಕ್ಕ ನೋಡುತ್ತಿದ್ದ ಆಡಿಟರ್ ಯಾರು? ಅವರ ಕಂಪ್ಯೂಟರಿನಲ್ಲಿ ರಿಟರ್ನ್, ಅಕ್ನಾಲೆಜ್‌ಮೆಂಟ್, ಲಾಭ-ನಷ್ಟದ ಪಟ್ಟಿ ಎಲ್ಲವೂ ಇರುವ ಸಾಧ್ಯತೆ ಹೆಚ್ಚು. ತಂದೆ ಬ್ಯಾಂಕಿನಲ್ಲಿ ಸಾಲವನ್ನೋ ಓವರ್‌ಡ್ರಾಫ್ಟನ್ನೋ ಪಡೆದಿದ್ದರೆ ಆ ಫೈಲಿನಲ್ಲೂ ಪ್ರತಿ ಇರುತ್ತದೆ. ಈ ಪ್ರತಿಗಳು ವಕೀಲರು ಕೆಲಸ ಶುರುಮಾಡಲು ಸಾಕು. ಪೋರ್ಟಲ್‌ನಿಂದ ತೆಗೆದದ್ದನ್ನು ಆಮೇಲೆ ಸೇರಿಸಬಹುದು. ರಿಟರ್ನ್ ಕೈಗೆ ಬರಲಿ, ಆಮೇಲೆ ಕೇಸು ಹಾಕೋಣ ಎಂದು ಮಾತ್ರ ಕೂರಬೇಡಿ: ಅಪಘಾತವಾದ ಆರು ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ.

ಇನ್ನು ಕಾಗದಗಳ ವಿಷಯ. ನಿಜವಾದ ಕೆಲಸ ಇರುವುದು ಇಲ್ಲೇ. ಪೋರ್ಟಲ್ ಕೇಳುವುದು ತಂದೆಯವರ ಪ್ಯಾನ್ ಕಾರ್ಡಿನ ಪ್ರತಿ, ಮರಣ ಪ್ರಮಾಣಪತ್ರ ಮತ್ತು ನೀವು ವಾರಸುದಾರರು ಎಂಬುದಕ್ಕೆ ಒಂದು ದಾಖಲೆ. ಈ ಮೂರನೆಯದಕ್ಕೆ ಕೋರ್ಟಿನಿಂದಲೇ ಉತ್ತರಾಧಿಕಾರ ಪತ್ರ ತರಬೇಕು ಎಂದು ಬಹಳ ಜನ ಹೆದರಿಕೊಂಡು ಕೈಬಿಡುತ್ತಾರೆ. ಬೇಕಿಲ್ಲ. ನಾಡಕಚೇರಿ ಕೊಡುವ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಸಾಕು. ನೋಂದಾಯಿತ ಉಯಿಲು ಇದ್ದರೆ ಅದೂ ನಡೆಯುತ್ತದೆ. ತೀರಿಕೊಂಡವರು ಸರ್ಕಾರಿ ನೌಕರರಾಗಿದ್ದರೆ ಕುಟುಂಬ ಪಿಂಚಣಿಯ ಪತ್ರ ಸಾಕು. ಇವೆಲ್ಲಕ್ಕಿಂತ ಬೇಗ ಸಿಗುವುದು, ಅನೇಕರಿಗೆ ಗೊತ್ತೇ ಇಲ್ಲದ್ದು, ಬ್ಯಾಂಕಿನ ಪತ್ರ: ತೀರಿಕೊಂಡಾಗ ಅವರ ಖಾತೆಗೆ ನಾಮಿನಿ ಅಥವಾ ಜಂಟಿ ಖಾತೆದಾರರು ಯಾರಿದ್ದರು ಎಂದು ಬ್ಯಾಂಕಿನವರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರೆ ಅದನ್ನೂ ಒಪ್ಪುತ್ತಾರೆ. ನಾಮಿನಿ ಅಮ್ಮನಾಗಿದ್ದರೆ ಅರ್ಜಿ ಅಮ್ಮನ ಹೆಸರಲ್ಲೇ ಹೋಗಬೇಕು, ಅವರಿಗೂ ಪ್ಯಾನ್ ಇರಬೇಕು ಅಷ್ಟೆ.

ನಾಡಕಚೇರಿ ಪತ್ರವನ್ನು ನಂಬಿಕೊಂಡರೆ ಸ್ವಲ್ಪ ಓಡಾಟ ಇದ್ದದ್ದೇ. ಅರ್ಜಿ ಗ್ರಾಮ ಆಡಳಿತಾಧಿಕಾರಿಗೆ, ಅವರಿಂದ ಕಂದಾಯ ನಿರೀಕ್ಷಕರಿಗೆ (ಆರ್‌ಐ) ಹೋಗುತ್ತದೆ. ಅಕ್ಕಪಕ್ಕದವರ ಹೇಳಿಕೆ ಕೇಳುತ್ತಾರೆ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನೂ ಬರೆಸಿ. ಆಸ್ತಿ ಭಾಗದ ಮಾತು ಏಳುತ್ತದೆ ಎಂದು ಅವರನ್ನು ಬಿಡುವ ಚಾಳಿ ನಮ್ಮಲ್ಲಿ ಇದೆ. ಪರಿಹಾರದ ಕೇಸಿನಲ್ಲೂ ಇದೇ ಪತ್ರ ಹಾಜರಾಗುವುದರಿಂದ ಆ ಜಾಣತನ ನಿಮಗೇ ತಿರುಗಿಕೊಳ್ಳುತ್ತದೆ. ಅಂದಹಾಗೆ ತೆರಿಗೆ ಪೋರ್ಟಲ್‌ನಲ್ಲಿ ವಾರಸುದಾರ ಎಂದು ಒಬ್ಬರ ಹೆಸರು ಸೇರಿದರೆ ಆಸ್ತಿಯಲ್ಲಿ ಅವರಿಗೆ ಹೆಚ್ಚಿನ ಹಕ್ಕೇನೂ ಹುಟ್ಟುವುದಿಲ್ಲ. ಒಡಹುಟ್ಟಿದವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷಿಗೋ ಹಿಂದಿಗೋ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಬೇಕು. ಅರ್ಜಿ ವಾಪಸ್ ಬರಲು ಇದೊಂದು ಕಾರಣ. ಇನ್ನೊಂದು, ಇನಿಷಿಯಲ್. ಪ್ಯಾನ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ, ಮರಣ ಪತ್ರದಲ್ಲಿ ಬರೀ ಒಂದಕ್ಷರ ಇರುತ್ತದೆ. ಒಂದರಲ್ಲಿ 'ಗೌಡ' ಕೂಡಿಕೊಂಡಿದ್ದರೆ ಇನ್ನೊಂದರಲ್ಲಿ ಬೇರೆ ನಿಂತಿರುತ್ತದೆ, ಮತ್ತೊಂದರಲ್ಲಿ ಮಾಯವಾಗಿರುತ್ತದೆ. ಊರಿನವರಿಗೆ ಇದು ಒಬ್ಬನೇ ಮನುಷ್ಯ ಎಂದು ಗೊತ್ತು, ಎಲ್ಲೋ ಕೂತು ಪರಿಶೀಲಿಸುವವರಿಗೆ ಗೊತ್ತಿಲ್ಲ. ಮರಣ ಪ್ರಮಾಣಪತ್ರ ಇನ್ನೂ ಬರೆಸಬೇಕಾಗಿದ್ದರೆ ಪ್ಯಾನ್ ಕಾರ್ಡನ್ನು ಮುಂದಿಟ್ಟುಕೊಂಡೇ ಬರೆಸಿ. ಆಗಲೇ ಬಂದಿದ್ದರೆ, ಮೂರೂ ದಾಖಲೆ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದರೆ ತಿದ್ದಿಸಿ, ಇಲ್ಲವೇ ಎರಡೂ ಹೆಸರಿನವರು ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಪೋರ್ಟಲ್ ಕೆಲಸ ಇದರ ಮುಂದೆ ಏನೂ ಅಲ್ಲ. ನಿಮ್ಮ ಪ್ಯಾನ್‌ನಿಂದ ಲಾಗಿನ್ ಆಗಿ 'ಆಥರೈಸ್ಡ್ ಪಾರ್ಟ್‌ನರ್ಸ್' ಕೆಳಗೆ 'ರಿಜಿಸ್ಟರ್ ಆ್ಯಸ್ ರೆಪ್ರೆಸೆಂಟೇಟಿವ್ ಅಸೆಸ್ಸಿ' ಒತ್ತಿ. ವರ್ಗ ಕೇಳಿದಾಗ 'ಡಿಸೀಸ್ಡ್, ಲೀಗಲ್ ಹೇರ್' ಆರಿಸಿ, ವಿವರ ತುಂಬಿ, ಕಾಗದಗಳನ್ನು ಏರಿಸಿ. ಇಲಾಖೆ ಪರಿಶೀಲಿಸಿ ಒಪ್ಪಿದ ಮೇಲೆ ನಿಮ್ಮ ಖಾತೆಯಿಂದ ತಂದೆಯವರ ಖಾತೆಗೆ ಬದಲಾಯಿಸಿಕೊಳ್ಳುವ ಅವಕಾಶ ಬರುತ್ತದೆ. 'ಇ-ಫೈಲ್' ಕೆಳಗೆ 'ವ್ಯೂ ಫೈಲ್ಡ್ ರಿಟರ್ನ್ಸ್' ತೆರೆದರೆ ವರ್ಷವಾರು ಪಟ್ಟಿ. ಪ್ರತಿ ವರ್ಷಕ್ಕೂ ಅಕ್ನಾಲೆಜ್‌ಮೆಂಟ್ ಒಂದನ್ನೇ ಇಳಿಸಿಕೊಂಡು ಬರಬೇಡಿ. ಅದು ಒಂದೇ ಪುಟದ ಸಾರಾಂಶ. ಪೂರ್ತಿ ರಿಟರ್ನ್ ಫಾರಂ ಮತ್ತು ರಿಟರ್ನ್‌ಗಳ ಲೆಕ್ಕ ನೋಡುವ ಇಲಾಖೆಯ ಬೆಂಗಳೂರು ಕೇಂದ್ರ (ಸಿಪಿಸಿ) ಕಳಿಸಿದ 143(1) ಇಂಟಿಮೇಷನ್ ಎರಡೂ ಬೇಕು. ತಂದೆ ತೋರಿಸಿದ ಆದಾಯವನ್ನು ಇಲಾಖೆ ತೆಗೆದುಕೊಂಡು ಲೆಕ್ಕ ಹಾಕಿದೆ ಎಂದು ಹೇಳುವುದು ಇಂಟಿಮೇಷನ್ನೇ. ಅದು ತೆರೆಯಲು ಪಾಸ್‌ವರ್ಡ್ ಕೇಳುತ್ತದೆ: ತಂದೆಯವರ ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ಇಸವಿ. ಅಜ್ಜಿ ಹೇಳುವ ತಾರೀಖಲ್ಲ, ಪ್ಯಾನ್‌ನಲ್ಲಿರುವ ತಾರೀಖು. ನಮ್ಮ ಹಿರಿಯರ ಜನ್ಮದಿನ ಎಷ್ಟೋ ಸಲ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದದ್ದು.

ವರ್ಷದ ಎಣಿಕೆಯಲ್ಲಿ ಎಡವಬೇಡಿ. 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ದುಡಿಮೆ ಪಟ್ಟಿಯಲ್ಲಿ 2023-24ರ ಅಸೆಸ್‌ಮೆಂಟ್ ವರ್ಷ ಎಂದು ಕಾಣುತ್ತದೆ. ಪಟ್ಟಿಯಲ್ಲಿ ಒಂದು ವರ್ಷದ್ದು ವೆರಿಫೈ (ಹಾಕಿದವರಿಂದ ದೃಢೀಕರಣ) ಆಗದೆ ನಿಂತಿದ್ದರೆ ಆ ರಿಟರ್ನ್ ಹಾಕಿಯೇ ಇಲ್ಲ ಎಂದೇ ಕಾನೂನಿನ ಲೆಕ್ಕ. ಅದನ್ನು ವಕೀಲರಿಗೆ ಮುಚ್ಚಿಡಬೇಡಿ.

ತುಂಬ ಹಳೆಯದು, ಕಾಗದದಲ್ಲಿ ಹಾಕಿದ 'ಸರಳ್' ಫಾರಂ ಕಾಲದ್ದು ಬೇಕಿದ್ದರೆ ಪೋರ್ಟಲ್‌ನಲ್ಲಿ ಸಿಗುವುದಿಲ್ಲ. ತಂದೆಯವರ ಪ್ಯಾನ್ ಯಾವ ಅಸೆಸಿಂಗ್ ಅಧಿಕಾರಿಯ ವ್ಯಾಪ್ತಿಯಲ್ಲಿದೆ ಎಂದು ಪೋರ್ಟಲ್‌ನಲ್ಲೇ ನೋಡಿ, ಆ ಕಚೇರಿಗೆ ವಾರಸುದಾರರ ದಾಖಲೆಗಳೊಂದಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಎನ್ನುವವರಿದ್ದಾರೆ. ಒಬ್ಬರ ರಿಟರ್ನ್ ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿರುವುದರಿಂದ ಆ ದಾರಿ ಹಿಡಿದರೆ ತಿಂಗಳು ಕಳೆಯುತ್ತದೆ, ಅಷ್ಟೆ. ಏನೂ ದಕ್ಕದಿದ್ದರೆ, ದಾಖಲೆ ಹಾಜರುಪಡಿಸಿ ಎಂದು ಇಲಾಖೆಗೆ ಸಮನ್ಸ್ ಕಳಿಸುವಂತೆ ನಿಮ್ಮ ವಕೀಲರೇ ಟ್ರಿಬ್ಯುನಲ್ ಅನ್ನು ಕೇಳಬಹುದು.

ಖಾತೆ ತೆರೆದ ಮೇಲೆ ಇನ್ನೊಂದು ಹೊಣೆಯೂ ಬರುತ್ತದೆ. ತಂದೆ ತೀರಿಕೊಂಡ ಆರ್ಥಿಕ ವರ್ಷದ ಏಪ್ರಿಲ್ 1ರಿಂದ ಆ ದಿನದವರೆಗಿನ ಆದಾಯಕ್ಕೆ ರಿಟರ್ನ್ ಹಾಕಬೇಕಾದವರು ವಾರಸುದಾರರಾದ ನೀವು. ಬಾಕಿ ತೆರಿಗೆ ಇದ್ದರೆ ಕೊಡಬೇಕಾದವರೂ ನೀವೇ, ಆದರೆ ಅವರಿಂದ ಬಂದ ಆಸ್ತಿಯ ಮಿತಿಯೊಳಗೆ. ಈ ನಿಯಮ 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಮಿನಿಂದ ಬಂದದ್ದು. ಅಪಘಾತದ ನಂತರ ಹಾಕಿದ ಈ ರಿಟರ್ನ್‌ನಲ್ಲಿ ಆದಾಯವನ್ನು ಒಮ್ಮೆಗೇ ಎತ್ತಿ ತೋರಿಸಿದರೆ ಟ್ರಿಬ್ಯುನಲ್ ಅನುಮಾನದಿಂದಲೇ ನೋಡುತ್ತದೆ. ರಿಫಂಡ್, ನೋಟಿಸ್ ಎಲ್ಲ ಮುಗಿಯುವ ತನಕ ಅವರ ಪ್ಯಾನ್ ವಾಪಸ್ ಕೊಡಬೇಡಿ.

ಇದೇ ಪ್ರಶ್ನೆ ಮನಸ್ಸಲ್ಲಿರುವ ರೈತ ಕುಟುಂಬಗಳಿಗೆ ಒಂದು ಮಾತು. ಬರೀ ಕಬ್ಬು, ಭತ್ತ ಬೆಳೆದವರಿಗೆ ಕೃಷಿ ಆದಾಯದ ಮೇಲೆ ತೆರಿಗೆ ಇಲ್ಲ, ಆದ್ದರಿಂದ ಹುಡುಕಲು ರಿಟರ್ನೇ ಇರುವುದಿಲ್ಲ. ಅವರು ಕೇಸಿಗೆ ಜೋಡಿಸಬೇಕಾದದ್ದು ಪಹಣಿ, ಸಕ್ಕರೆ ಕಾರ್ಖಾನೆಯ ಬಿಲ್ಲು, ಆ ಹಣ ಜಮೆಯಾದ ಬ್ಯಾಂಕ್ ಪಾಸ್‌ಬುಕ್.